ಕುಂಬಳಕಾಯಿಗೆ ಮೊದಲ ಗಾಯ

ಆ ಕುಂಬಳಕಾಯಿ ಅಡುಗೆಮನೆಯ ಬಾಗಿಲ ಪಕ್ಕ ನೆಲದ ಮೇಲಿತ್ತು. ಇಷ್ಟನ್ನು ಮಾತ್ರ ನಾನು ಧೈರ್ಯವಾಗಿ ಹೇಳಬಲ್ಲೆ. ಉಳಿದದ್ದರ ಬಗ್ಗೆ ನನಗೂ ನನ್ನ ತಂಗಿ ಜಯಳಿಗೂ ಫೋನಿನಲ್ಲಿ ಇವತ್ತಿಗೂ ಜಗಳವಾಗುತ್ತದೆ. ಕಾಯಿ ಹಸಿರಾಗಿತ್ತು ಎಂದು ಅವಳು, ಹಣ್ಣಾಗಿ ಕೆಂಪಗಿತ್ತು ಎಂದು ನಾನು. ಅವತ್ತು ನನಗೆ ಜ್ವರವೇ ಬಂದಿರಲಿಲ್ಲ, ಒಲೆಯ ಮುಂದೆ ಕೂತು ಮೈ ಕಾದಿತ್ತು ಅಷ್ಟೆ ಎಂದು ಅವಳು. ಅವಳಾಗ ಇನ್ನೂ ಸ್ಕೂಲಿಗೆ ಸೇರದ ಮಗು, ಅವಳ ಮಾತು ಎಷ್ಟು ನಂಬುವುದು ಎಂದುಕೊಳ್ಳುತ್ತೇನೆ. ಆದರೆ ನಾನೇನು ದೊಡ್ಡವನಾಗಿದ್ದೆನೆ? ನಾನು ಓದಿದ್ದು ರಸಾಯನಶಾಸ್ತ್ರ, ಹೊಟ್ಟೆಪಾಡಿಗೆ ಪಾಠ ಹೇಳಿದ್ದೂ ಅದನ್ನೇ. ಪ್ರಯೋಗದಲ್ಲಿ ಕಂಡದ್ದನ್ನು ಆಗಿಂದಾಗಲೇ ಬರೆದಿಡಿ, ನಾಳೆ ಬರೆದರೆ ಅದು ನೀವು ಕಂಡದ್ದಲ್ಲ, ಕಾಣಬೇಕೆಂದುಕೊಂಡದ್ದು ಎಂದು ಹುಡುಗರಿಗೆ ಹೇಳುತ್ತಿದ್ದೆ. ಆ ಲೆಕ್ಕದಲ್ಲಿ ನೋಡಿದರೆ ಈ ಅಧ್ಯಾಯವನ್ನು ನಾನು ಬರೆಯಲೇಬಾರದು.

ನಮ್ಮ ಮನೆ ಅಮೃತಹಳ್ಳಿಯಲ್ಲಿ, ಕೆರೆಯ ಕಡೆಗೆ ಇಳಿಯುವ ಓಣಿಯ ಕೊನೆಯಲ್ಲಿತ್ತು. ಮುಂದೆ ಜಗಲಿ, ಒಳಗೆ ಕಾಲಿಟ್ಟರೆ ಹಜಾರ. ಹಜಾರದ ಅರ್ಧ ಭಾಗ ಒಂದು ಮೆಟ್ಟಿಲಿನಷ್ಟು ತಗ್ಗು; ಅಲ್ಲಿ ಎತ್ತು, ಹಸು ಕಟ್ಟುತ್ತಿದ್ದರು. ನಾವು ಊಟ ಮಾಡುವಾಗ ಅವು ಮೆಲುಕು ಹಾಕುತ್ತಾ ನಮ್ಮನ್ನೇ ನೋಡುತ್ತಿದ್ದವು. ಅಡುಗೆಮನೆಗೆ ಅಂಗೈಯಗಲದ ಒಂದು ಕಿಂಡಿ. ಒಲೆಯ ಹಿಂದಿನ ಗೂಡಿನಲ್ಲಿ ಮನೆದೇವರ ಕಳಸ. ಹಾಗಾಗಿ ಕೋಳಿ ಸಾರು ಮಾಡುವ ದಿನ ಅಜ್ಜಿ ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ಬೇರೆ ಮಡಕೆಯಲ್ಲಿ ಮಾಡಿಸುತ್ತಿದ್ದಳು. ಹಜಾರದ ಮೇಲೆ ಅಟ್ಟ. ಅಟ್ಟದಲ್ಲಿ ಹುಲ್ಲಿನ ಮೇಲೆ ಕುಂಬಳಕಾಯಿಗಳನ್ನು ಸಾಲಾಗಿ, ಒಂದಕ್ಕೊಂದು ತಗುಲದ ಹಾಗೆ ಇಡುತ್ತಿದ್ದರು. ಅಟ್ಟ ಹತ್ತಲು ಒಂದು ಬಿದಿರೇಣಿ ಇತ್ತು. ಅದು ಎಷ್ಟು ಭಾರವೆಂದರೆ ಅಪ್ಪನ ಹೊರತು ಯಾರೂ ಅದನ್ನು ಎತ್ತಿ ನಿಲ್ಲಿಸುತ್ತಿರಲಿಲ್ಲ. ಈ ಏಣಿಯ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನನ್ನ ಹತ್ತಿರ ಇರುವ ಗಟ್ಟಿ ಸಾಕ್ಷಿ ಅದೊಂದೇ.

ಅಮ್ಮನ ತವರು ಯಲಹಂಕ. ಅವಳ ಅಪ್ಪ, ನನ್ನ ತಾತ, ಯುದ್ಧದ ಕಾಲದಲ್ಲಿ ಜಾಲಹಳ್ಳಿಯ ಕಡೆ ಸೈನ್ಯದ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವರು. ಮೈದಾ ಅಳತೆಯಲ್ಲಿ ಸಿಗುತ್ತಿದ್ದ ದಿನಗಳವು. ಹಿಟ್ಟು ಸಾಲದೆ ಬಂದಾಗ ಹಿತ್ತಲ ಕುಂಬಳಕಾಯಿ ತುರಿದು ಬೆರೆಸಿ, ಚಕ್ಕೆ ಲವಂಗ ಹಾಕಿ, ಸೋಡದಲ್ಲಿ ಉಬ್ಬಿಸಿ ದೊರೆಗಳಿಗೆ ಬ್ರೆಡ್ಡು ಮಾಡಿಕೊಡುತ್ತಿದ್ದರಂತೆ. ದೊರೆಗಳು ಹೋದರು, ಬ್ರೆಡ್ಡು ತಾತನ ಕೈಯಲ್ಲಿ ಉಳಿಯಿತು. ಸಕ್ಕರೆ ಬದಲು ಬೆಲ್ಲ ಬಂತು, ಒಣಶುಂಠಿ ಬಂತು, ದೊರೆಗಳು ಸಹಿಸದ ಕಾಳುಮೆಣಸೂ ಬಂತು. ಅವರ ಮಕ್ಕಳಲ್ಲಿ ಅದನ್ನು ಕಲಿತವಳು ಅಮ್ಮ ಒಬ್ಬಳೇ. ಕೆಂಡ ತುಂಬಿದ ಮುಚ್ಚಳವನ್ನು ಇಕ್ಕಳದಲ್ಲಿ ಎತ್ತಿ ಹಿಡಿಯುವ ಕೆಲಸ ಚಿಕ್ಕಂದಿನಿಂದಲೂ ಅವಳದಾಗಿತ್ತು. ಮದುವೆಯಲ್ಲಿ ತಾತ ಅವಳಿಗೆ ಬೆಳ್ಳಿ ಕೊಡಲಿಲ್ಲ. ದಪ್ಪ ತಳದ ದೊಡ್ಡ ಡಬರಿ, ಅದಕ್ಕೊಂದು ಅಂಚು ಎತ್ತಿದ ಕಬ್ಬಿಣದ ಮುಚ್ಚಳ ಕೊಟ್ಟರು. ನಮ್ಮ ಮನೆಯಲ್ಲಿ ಆ ಡಬರಿಗೆ ರಾಗಿ ತುಂಬಿಟ್ಟಿದ್ದರು.

ಮದುವೆಯಾದ ಹೊಸದರಲ್ಲಿ ಅಮ್ಮ ಒಂದು ಸಲ ಆ ಬ್ರೆಡ್ಡು ಮಾಡಿದ್ದಳಂತೆ, ದೇವರ ಕಳಸದ ಮುಂದಿನ ಒಲೆಯಲ್ಲೇ. ಒಳಗೆ ಮೊಟ್ಟೆ ಬಿದ್ದಿದೆ ಎಂದು ಗೊತ್ತಾದ ಮೇಲೆ ಅಜ್ಜಿ ಒಲೆಯನ್ನೇ ಕೆಡವಿ ಹೊಸ ಮಣ್ಣಿನಲ್ಲಿ ಕಟ್ಟಿಸಿದಳು. ಅಂದಿನಿಂದ ಅದಕ್ಕೆ ಅಜ್ಜಿ ಇಟ್ಟ ಹೆಸರು ಬಟ್ಲರ್ ರೊಟ್ಟಿ. ಕೋಳಿ ತಿನ್ನುವ ಮನೆಯಲ್ಲಿ ಮೊಟ್ಟೆಗೇಕೆ ಅಷ್ಟು ಮಡಿ ಎಂದು ನಾನು ದೊಡ್ಡವನಾದ ಮೇಲೆ ಯೋಚಿಸಿದ್ದಿದೆ. ಅಜ್ಜಿಯ ತಕರಾರು ಬರೀ ಮಡಿಯದಲ್ಲ, ರುಚಿಯದು ಕೂಡ.

"ಮೊಟ್ಟೆಗೆ ಉಪ್ಪು ಕಾರ ಆಕೋರ್ನ ಕಂಡಿವ್ನಿ. ಬೆಲ್ಲ ಆಕೋರ್ನ ಎಲ್ಲಾದ್ರೂ ಕಂಡಿದ್ದೀರೇನ್ರವ್ವಾ?" ಎಂದು ಅವಳು ಜಗಲಿಯಲ್ಲಿ ಕೂತು ಓಣಿಯ ಹೆಂಗಸರನ್ನು ಕೇಳುತ್ತಿದ್ದಳು. ಅವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅಮ್ಮ ಒಳಗೆ ರಾಗಿ ಬೀಸುತ್ತಿದ್ದಳು. ಬೀಸುವ ಕಲ್ಲಿನ ಸದ್ದು ಆಗ ಸ್ವಲ್ಪ ಜೋರಾಗುತ್ತಿತ್ತು.

ಅವರೆಕಾಯಿ ಕಾಲ. ಒಂದು ಸಂಜೆ ಅಮ್ಮನ ತಮ್ಮ, ನನ್ನ ಮಾವ, ಯಲಹಂಕದಿಂದ ಸೈಕಲ್ ತುಳಿದುಕೊಂಡು ಬಂದ. ನೀರು ಕೊಟ್ಟರೆ ಕುಡಿಯಲಿಲ್ಲ. ಹಜಾರದ ಕಂಬಕ್ಕೆ ಒರಗಿ ನಿಂತೇ ಹೇಳಿದ.

"ಅಪ್ಪ ಅನ್ನ ಬಿಟ್ಬಿಟ್ಟವ್ರೆ ಅಕ್ಕಾ. ಗಂಜಿ ಬಾಯಿಗಿಟ್ರೆ ಉಗೀತಾರೆ. ಡಾಕ್ಟ್ರು, ಏನ್ ಕೇಳ್ತಾರೋ ಅದನ್ನ ಕೊಡಿ ಅಂದ್ಬಿಟ್ರು."

"ಏನ್ ಕೇಳ್ತಾರೋ?"

"ಕುಂಬಳದ್ ಬ್ರೆಡ್ಡು. ಬೇಕರಿ ಬ್ರೆಡ್ ತಂದ್ಕೊಟ್ರೆ ಮುಖ ಆ ಕಡೆ ತಿರುಗಿಸ್ಕೊಂಡ್ರು. ನಿನ್ನ ಹೆಸರೇ ಹೇಳ್ತಾರೆ. ನಾಳೆ ಅನ್ನೋ ಹೊತ್ಗೆ ಸಿಕ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿದ.

ಅಮ್ಮ ಅಳಲಿಲ್ಲ. ಡಬರಿಯ ರಾಗಿಯನ್ನು ಮೊರಕ್ಕೆ ಸುರಿಯತೊಡಗಿದಳು. ಆ ಸದ್ದಿಗೆ ಅಜ್ಜಿ ಜಗಲಿಯಿಂದ ಒಳಗೆ ಬಂದಳು. ಮಾವ ಹೋದ ಮೇಲೆ ನಡೆದ ಜಗಳದಲ್ಲಿ ಯಾರ ದನಿಯೂ ಏರಲಿಲ್ಲ. ನಮ್ಮ ಮನೆಯಲ್ಲಿ ಅದು ಕೆಟ್ಟ ಲಕ್ಷಣ. ಕೂಗಾಡಿದ ಜಗಳಗಳು ಊಟದ ಹೊತ್ತಿಗೆ ಮುಗಿಯುತ್ತಿದ್ದವು.

"ಅಪ್ಪನ್ನ ನೋಡ್ಬೇಕು ಅಂದ್ರೆ ಓಗು, ನೋಡ್ಕೊಂಡ್ ಬಾ. ನಾನೇನ್ ಕಟ್ಟಾಕಿಲ್ಲ. ಆ ರೊಟ್ಟಿ ಮಾತ್ರ ಈ ಮನೇಲಿ ಬೇಯೋ ಅಂಗಿಲ್ಲ."

"ಹಿತ್ತಲಲ್ಲಿ ಕಲ್ಲು ಹೂಡ್ಕೋತೀನಿ ಅತ್ತೆ. ಒಳಗಿನ ಒಲೆ ಮುಟ್ಟಲ್ಲ."

"ಮೊಟ್ಟೆ?"

"ಹಿತ್ತಲಲ್ಲೇ ಒಡೀತೀನಿ."

ಅಜ್ಜಿ ಮೊರದ ರಾಗಿಯನ್ನು ಕೈಯಿಂದ ಸಮ ಮಾಡಿದಳು. ಆಮೇಲೆ, "ಅದೂ ಸರಿ. ಕಾಯಿ ಕಡಿಯೋರ್ಯಾರು?" ಎಂದಳು.

ಇಲ್ಲಿ ನಮ್ಮ ಕಡೆಯ ಒಂದು ಕಟ್ಟಳೆ ಹೇಳಬೇಕು. ಇಡೀ ಕುಂಬಳಕಾಯಿಗೆ ಹೆಂಗಸರು ಕತ್ತಿ ಹಾಕುವಂತಿಲ್ಲ. ಮೊದಲ ಗಾಯ ಗಂಡಸು ಮಾಡಬೇಕು. ಒಂದು ಗೀರು ಬಿದ್ದರೆ ಸಾಕು, ಆಮೇಲೆ ಯಾರು ಬೇಕಾದರೂ ಹೋಳು ಮಾಡಬಹುದು. ಕುಂಬಳಕಾಯಿ ಎಂದರೆ ಮನೆಯ ಹಿರಿಮಗನ ಲೆಕ್ಕ. ಹೆತ್ತವಳು ಅದಕ್ಕೆ ಕತ್ತಿ ಇಟ್ಟರೆ ಮಗನಿಗೆ ಇಟ್ಟ ಹಾಗೆ. ಬಲಿಗೆ ಒಡೆಯುವ ಬೂದುಗುಂಬಳದ ನಿಯಮ ಪಲ್ಯದ ಸಿಹಿಗುಂಬಳಕ್ಕೂ ಹೇಗೆ ಅಂಟಿಕೊಂಡಿತೋ ನನಗೆ ತಿಳಿಯದು. ನಮ್ಮ ಮನೆಯ ಹಿರಿಮಗ ನಾನು. ಅಟ್ಟದ ಸಾಲು ಕಾಯಿಗಳನ್ನು ನಾನು ಕೆಳಗಿನಿಂದ ನೋಡುತ್ತಾ, ಇವುಗಳಲ್ಲಿ ನಾನು ಯಾವುದು ಎಂದು ಯೋಚಿಸುತ್ತಿದ್ದೆ.

ಅಪ್ಪ ಈ ಮಾತೆಲ್ಲ ನಡೆಯುವಾಗ ಹಜಾರದಲ್ಲೇ ಇದ್ದ. ಎತ್ತಿನ ಕೊರಳ ಹಗ್ಗ ಹೊಸೆಯುತ್ತಿದ್ದ. ಅಮ್ಮ ಅವನನ್ನು ಕೇಳಲಿಲ್ಲ, ಅವನ ಕಡೆ ನೋಡಿದಳು. ಅಜ್ಜಿಯೂ ನೋಡಿದಳು.

"ನಾಳೆ ಯಶವಂತಪುರದ ಸಂತೆ. ಕೋಳಿ ಕೂಗೋ ಮೊದ್ಲೇ ಗಾಡಿ ಕಟ್ಬೇಕು," ಎಂದ ಅಪ್ಪ. ಅಷ್ಟೇ. ಅವನ ತಾಯಿ ಬದುಕಿರುವವರೆಗೂ ಅವಳ ಎದುರು ಹೆಂಡತಿಯ ಪರ ಒಂದು ಮಾತಾಡಿದ್ದನ್ನು ನಾನು ಕೇಳಿಲ್ಲ.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಗಾಡಿ ಹೋಗಿತ್ತು. ಅಟ್ಟ ಖಾಲಿ. ಸಂತೆಗೆಂದು ಅಪ್ಪ ಎಲ್ಲ ಕಾಯಿಗಳನ್ನೂ ಇಳಿಸಿಕೊಂಡು ಹೋಗಿದ್ದ. ಒಂದು ಮಾತ್ರ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಕೂತಿತ್ತು, ಯಾರೋ ಮರೆತುಹೋದ ಹಾಗೆ. ಅಜ್ಜಿ ಆಗಲೇ ಜಗಲಿಯಲ್ಲಿ ಅವರೆಕಾಯಿ ರಾಶಿ ಹಾಕಿಕೊಂಡು ಕೂತಿದ್ದಳು. ಓಣಿಯಲ್ಲಿ ಹಾದುಹೋಗುವ ಪ್ರತಿ ಗಂಡಸಿನ ಮುಖವನ್ನೂ ಅವಳು ನೋಡುತ್ತಿದ್ದಳು. ಕಾವಲು ಕೂತಿದ್ದಾಳೆ ಎಂದು ನನಗೂ ಗೊತ್ತಾಯಿತು. ಅಮ್ಮ ಸೆರಗು ಹೊದ್ದು ಬಾಗಿಲಿಗೆ ಬಂದಳು. ಎದುರುಮನೆಯ ಮುನಿಯಣ್ಣ ಮಚ್ಚು ಹಿಡಿದು ಸೌದೆಗೆ ಹೊರಟಿದ್ದ.

"ಮುನಿಯಣ್ಣಾ, ಒಂಚೂರು ಬಂದು ಈ ಕಾಯಿಗೆ ಗಾಯ ಮಾಡ್ಕೊಟ್ಟು ಹೋಗಪ್ಪಾ."

ಮುನಿಯಣ್ಣ ಅಮ್ಮನನ್ನು ನೋಡಿದ, ಅಜ್ಜಿಯನ್ನು ನೋಡಿದ. ಅಜ್ಜಿ ಅವರೆಕಾಯಿಯ ನಾರು ಎಳೆಯುತ್ತಾ ತಲೆ ಎತ್ತಲಿಲ್ಲ.

"ಕೈ ಉಳುಕ್ಬಿಟ್ಟೈತೆ ಕಣವ್ವ," ಎಂದ.

"ಮತ್ತೆ ಮಚ್ಚು ಯಾಕೋ ಇಡ್ಕೊಂಡಿದ್ದೀಯ?" ಎಂದು ಕೇಳಿದವಳು ಅಜ್ಜಿ! ಅವಳಿಗೆ ನಗು ತಡೆಯಲಾಗಲಿಲ್ಲ.

"ಇದು ಇನ್ನೊಂದ್ ಕೈ ಕಣಜ್ಜಿ," ಎಂದು ಮುನಿಯಣ್ಣ ಸರಸರ ನಡೆದುಬಿಟ್ಟ.

ಅಮ್ಮ ಒಳಗೆ ಬಂದಳು. ಒಂದು ಗಳಿಗೆ ಆ ಕಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು, ಅದನ್ನು ಎರಡೂ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಹಿಂದೆ ನಾನು, ನನ್ನ ಹಿಂದೆ ಜಯ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೆಂಕಿ ಆಗಲೇ ಹಚ್ಚಿದ್ದಳು. ಡಬರಿಯೊಳಗೆ ಕೆರೆಯ ಕೋಡಿಯಿಂದ ತಂದು ತೊಳೆದು ಒಣಗಿಸಿದ್ದ ಮರಳು ಕಾಯುತ್ತಿತ್ತು. ಜಕ್ಕೂರಿನ ಕಡೆಯಿಂದ ಒಂದು ಪುಟ್ಟ ವಿಮಾನ ತಲೆಯ ಮೇಲೆ ಸುತ್ತುತ್ತಿತ್ತು. ಬೇರೆ ದಿನವಾಗಿದ್ದರೆ ನಾವು ಅದರ ಹಿಂದೆ ಓಡುತ್ತಿದ್ದೆವು.

"ಅಪ್ಪೀ, ಇಲ್ ಬಾ," ಎಂದಳು ಅಮ್ಮ. ಮನೆಯಲ್ಲಿ ನನ್ನ ಹೆಸರು ಅದೇ. "ನೀನು ಗಂಡಸಲ್ವೇನೋ?"

"ಹೂಂ."

"ಮಚ್ಚು ತಗೋ. ಎರಡೂ ಕೈಲಿ ಹಿಡ್ಕೊ."

ಅವಳು ನನ್ನ ಬೆನ್ನ ಹಿಂದೆ ಬಗ್ಗಿ ನಿಂತು ನನ್ನ ಎರಡೂ ಕೈಗಳ ಮೇಲೆ ತನ್ನ ಕೈ ಇಡಹೋದಳು, ಮತ್ತೆ ಹಿಂದಕ್ಕೆ ತೆಗೆದುಕೊಂಡಳು. ಮುಟ್ಟಿದರೆ ಅವಳೂ ಕಡಿದ ಹಾಗಾಗುತ್ತದಲ್ಲ. ಬದಲಿಗೆ ನನ್ನ ಬೆರಳು ಹಿಡಿದು ತೊಟ್ಟಿನ ಬುಡಕ್ಕೆ ಮುಟ್ಟಿಸಿದಳು. "ಇಲ್ಲಿ. ಇಲ್ಲೇ ಹಾಕು, ಬೇರೆ ಕಡೆ ಬೇಡ." ಬೆರಳಿಗೆ ಏನೋ ಅಂಟಿತು. ನಾನು ಅದನ್ನು ಚಡ್ಡಿಗೆ ಒರೆಸಿಕೊಂಡು ಮಚ್ಚು ಎತ್ತಿದೆ. ಮೊದಲ ಏಟು ಜಾರಿತು, ಎರಡನೆಯದು ಕೂತಿತು. ಅಮ್ಮ ಕಾಯಿಯನ್ನು ಮಚ್ಚಿನ ಸಮೇತ ಎತ್ತಿ ಕಲ್ಲಿಗೆ ಕುಟ್ಟಿದಳು, ಅದು ಬಿರಿಯಿತು. ಒಳಗೆ ಕೆಂಪು.

ಆಮೇಲೆ ಅವಳ ಕೈ ನಿಲ್ಲಲಿಲ್ಲ. ಅರ್ಧ ಹೋಳನ್ನು ತೆಂಗಿನ ಕಾಯಿಯ ಹಾಗೆ ತುರಿಯುವ ಮಣೆಗೆ ಒತ್ತಿ ತಿರುಗಿಸಿದಳು. ಕೆಂಪು ತುರಿ ತಟ್ಟೆಯಲ್ಲಿ ಗುಡ್ಡೆಯಾಯಿತು. ಬೆಲ್ಲ ಪುಡಿ ಮಾಡಿ ಬೆಣ್ಣೆಗೆ ಹಾಕಿ ತಿಕ್ಕಿದಳು. ಮೊಟ್ಟೆಗಳನ್ನು ಬೇಲಿಯ ಪಕ್ಕ ಕೂತು ಒಡೆದಳು, ಅಜ್ಜಿಗೆ ಕೊಟ್ಟ ಮಾತಿನಂತೆ. ಕಲ್ಲಲ್ಲಿ ಕುಟ್ಟಿದ ಚಕ್ಕೆ, ಲವಂಗ, ಜಾಯಿಕಾಯಿ, ಶುಂಠಿ, ಕೊನೆಗೆ ಮೆಣಸು. ಹುಳಿ ಮೊಸರಿಗೆ ಸೋಡ ಉದುರಿಸಿದಾಗ ಅದು ಬುಸ್ಸೆಂದು ನೊರೆಯೆದ್ದಿತು. "ಯಾಕಮ್ಮ ಹಂಗಾಗತ್ತೆ?" ಎಂದು ಕೇಳಿದೆ. "ನಿಮ್ ತಾತನ್ನ ಕೇಳ್ಬೇಕು, ಇರ್ತಾರೇನೋ," ಎಂದಳು. ಆ ನೊರೆಯ ಉತ್ತರ ಹುಡುಕಿಕೊಂಡು ನಾನು ಕಾಲೇಜಿಗೆ ಹೋದೆ ಎಂದು ಬರೆದರೆ ಚೆನ್ನಾಗಿರುತ್ತದೆ; ನಿಜವಲ್ಲ. ಗಣಿತದಲ್ಲಿ ಸೀಟು ಸಿಗಲಿಲ್ಲ, ಅದಕ್ಕೆ ರಸಾಯನಶಾಸ್ತ್ರಕ್ಕೆ ಹೋದೆ. ಹಿಟ್ಟನ್ನೆಲ್ಲ ಕಲಸಿ ತಗಡಿನ ಡಬ್ಬಕ್ಕೆ ಸುರಿದು, ಡಬ್ಬವನ್ನು ಕಾದ ಮರಳಿನ ಮೇಲೆ ಕೂರಿಸಿ, ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೆ ಕೆಂಡ ಹರಡಿದಳು. ಇನ್ನು ಕಾಯುವುದೊಂದೇ ಕೆಲಸ. ಮುಚ್ಚಳ ಹೊತ್ತಿಗೆ ಮುಂಚೆ ತೆರೆದರೆ ಎಲ್ಲ ಕುಸಿದು ಮುದ್ದೆಯಾಗುತ್ತದೆ ಎಂದು ನಮಗೆ ಹೇಳಿದಳು.

ವಾಸನೆ ಅಜ್ಜಿಯನ್ನು ಕರೆತಂದಿತು. ಅವಳು ಹಿತ್ತಲ ಬಾಗಿಲಲ್ಲಿ ನಿಂತು ಮೊದಲು ಡಬರಿ ನೋಡಿದಳು, ಆಮೇಲೆ ಮಣೆಯ ಪಕ್ಕದ ಉಳಿದ ಅರ್ಧ ಹೋಳು.

"ಯಾರೇ ಕಡಿದೋರು?"

ಅಮ್ಮ ಬಗ್ಗಿ ಕೆಂಡ ಊದಿದಳು. ನಾನು ಹೆಮ್ಮೆಯಿಂದ ಹೇಳಿದೆ: "ನಾನು!"

ಅಜ್ಜಿಯ ಮುಖ ಆಗ ಹೇಗಾಯಿತೆಂದು ಹೇಳಲಾರೆ. ಕೋಪವನ್ನು ನಿರೀಕ್ಷಿಸಿದ್ದೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಗಂಡಸು ತಾನೆ ಬೇಕಿದ್ದಿದ್ದು ಅತ್ತೆ? ಇವನೂ ಗಂಡಸೇ," ಎಂದಳು ಅಮ್ಮ. ಕಣ್ಣು ಮುಚ್ಚಳದ ಮೇಲಿತ್ತು.

"ಅಯ್ಯೋ ಪಾಪೀ, ಅದು ಯಾರ ಲೆಕ್ಕಾನೇ? ಈ ಉಡ್ಗನ ಲೆಕ್ಕ! ಅವನ ಕುತ್ಗೆಗೆ ಅವನ ಕೈಲೇ ಮಚ್ಚು ಆಕ್ಸಿದ್ಯಲ್ಲೇ! ನಿಮ್ಮಪ್ಪನ ಬಾಯ್ಗೆ ರೊಟ್ಟಿ ಆಕೋಕೆ ನನ್ ಮೊಮ್ಮಗನ್ನ ಕೊಟ್ಯಾ?"

"ನಮ್ಮ ಕಡೆ ಗಂಡಸು ಅಂತಷ್ಟೇ ಹೇಳ್ತಿದ್ರು."

"ಈ ಮನೇಗೆ ಬಂದು ಎಷ್ಟು ವರ್ಷ ಆಯ್ತು ನಿಂಗೆ?"

ಅಜ್ಜಿ ಬಚ್ಚಲ ಹತ್ತಿರ ಹೋಗಿ ನೀರು ತುಂಬಿದ ಬಿಂದಿಗೆ ಎತ್ತಿಕೊಂಡು ಬಂದಳು. ಅವಳ ವಯಸ್ಸಿಗೆ ಅದು ಎತ್ತುವಂಥ ಭಾರವಲ್ಲ. ನೀರು ಸೀರೆಯ ಮೇಲೆ ತುಳುಕುತ್ತಿತ್ತು. ಕೆಂಡದ ಮೇಲೆ ಬಗ್ಗಿಸಿ ನಿಂತಳು. ಅಮ್ಮ ಎದ್ದು ತಡೆಯಲಿಲ್ಲ.

"ಹಾಕಿ ಅತ್ತೆ. ನೀರು ಹಾಕಿದ್ರೆ ಆ ಕಾಯಿ ಮತ್ತೆ ಇಡೀ ಆಗೋದಾದ್ರೆ ಹಾಕಿ."

ಅಜ್ಜಿ ಬಿಂದಿಗೆ ಹಿಡಿದು ಹಾಗೇ ನಿಂತಳು. ಆಮೇಲೆ ನೆಲಕ್ಕಿಟ್ಟು, ಅದರ ಪಕ್ಕದಲ್ಲೇ ಕುಸಿದು ಕೂತಳು. ಅವಳ ದನಿ ಬದಲಾಗಿತ್ತು. ಅಪ್ಪನಿಗಿಂತ ಮೊದಲು ಅವಳಿಗೊಬ್ಬ ಮಗ ಇದ್ದನೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಅಮ್ಮನಿಗೂ ಗೊತ್ತಿತ್ತೋ ಇಲ್ಲವೋ.

"ಕುಯ್ಲಿನ ಕಾಲ. ಗಂಡಸರೆಲ್ಲ ಒಲದಲ್ಲಿ. ಮನೇಲಿ ಬೇರೆ ಕಾಯಿಪಲ್ಯ ಇರ್ಲಿಲ್ಲ. ಯಾರು ನೋಡ್ತಾರೆ ಅಂತ ನಾನೇ ಕಡಿದೆ ಕಣೇ. ರಾತ್ರೀಗೆ ಮೈ ಬಿಸಿ ಆಯ್ತು ಮಗೀಗೆ. ಇವನಷ್ಟೇ ಇದ್ದ." ಹಾಗೆನ್ನುತ್ತಾ ನನ್ನ ಕಡೆ ಕೈ ತೋರಿಸಿದಳು. "ಆ ಪಲ್ಯಾನ ಅವನೂ ತಿಂದಿದ್ದ, ಚೆಂದಾಗೈತೆ ಅಂದಿದ್ದ."

ಅಮ್ಮ ಆಗ ಮೊದಲ ಬಾರಿಗೆ ಕೆಂಡದಿಂದ ಕಣ್ಣು ತೆಗೆದು ಅಜ್ಜಿಯನ್ನು ನೋಡಿದಳು, ನನ್ನನ್ನೂ ನೋಡಿದಳು. ಆಮೇಲೆ ಇಕ್ಕಳ ಎತ್ತಿಕೊಂಡು ಮುಚ್ಚಳದ ಕೆಂಡವನ್ನು ಸಮ ಮಾಡಿದಳು. ಇನ್ನೇನು ಮಾಡಬಹುದಿತ್ತು? ಈಗ ಕೇಳಿಕೊಳ್ಳುತ್ತೇನೆ. ಆಗ ನನಗೆ ಕಂಡದ್ದು ಇಷ್ಟೇ: ನಾನು ಸಾಯುತ್ತೇನೆ, ಅಮ್ಮ ಬ್ರೆಡ್ಡು ನೋಡಿಕೊಳ್ಳುತ್ತಿದ್ದಾಳೆ.

ಅಜ್ಜಿ ನನ್ನನ್ನು ಎಳೆದುಕೊಂಡು ಹೋಗಿ ಹಜಾರದಲ್ಲಿ ಕೂರಿಸಿದಳು. ಉಪ್ಪು, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ಬರದಿದ್ದರೆ ದೃಷ್ಟಿ ಜೋರಾಗಿದೆ ಎಂದರ್ಥ. ಮಚ್ಚು ತಂದು ನನ್ನ ಚಾಪೆಯ ಕೆಳಗೆ ಇಟ್ಟಳು. ಆಮೇಲೆ ನನ್ನ ಮಣಿಕಟ್ಟು ಹಿಡಿದು ಕೂತವಳು ಬಿಡಲಿಲ್ಲ. ನನಗೆ ಮೈ ಬಿಸಿಯಾಗತೊಡಗಿತು. ನಾನೇ ಇನ್ನೊಂದು ಕೈಯಿಂದ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಬಿಸಿ ಹಣೆಯದೋ ಅಂಗೈಯದೋ ಗೊತ್ತಾಗುತ್ತಿರಲಿಲ್ಲ. ನನ್ನ ಮೊದಲ ಪ್ರಯೋಗ ಅದು, ಮತ್ತು ಅಳೆಯುವ ಸಾಧನವೇ ಕೆಟ್ಟಿದ್ದರೆ ಏನಾಗುತ್ತದೆ ಎಂಬುದರ ಮೊದಲ ಪಾಠ. ಹಿತ್ತಲಿಂದ ಲವಂಗದ ವಾಸನೆ ಬರುತ್ತಿತ್ತು. ಹೆದರಿಕೆಯ ನಡುವೆಯೂ ಹಸಿವಾಗುತ್ತಿತ್ತು, ಅದು ನನಗೇ ನಾಚಿಕೆಯೆನಿಸಿತು.

ಅಮ್ಮ ಬ್ರೆಡ್ಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹಜಾರಕ್ಕೆ ಬಂದಳು. ಒಂದು ತುಂಡು ಮುರಿದು ಎಲೆಯಲ್ಲಿ ಕಟ್ಟಿ, ಸೂರಿನಿಂದ ತೂಗುವ ಹಗ್ಗದ ನೆಲುವಿಗೆ ಇಟ್ಟಳು. ಸೀರೆ ಬದಲಾಯಿಸಿದ್ದಳು. ಯಲಹಂಕದವರೆಗೆ ನಡೆದೇ ಹೋಗುವುದೆಂದು ತೀರ್ಮಾನಿಸಿದ್ದಳು, ನನ್ನನ್ನೂ ಕರೆದುಕೊಂಡು.

"ಅಪ್ಪೀ, ಏಳು. ತಾತನ್ನ ನೋಡ್ಕೊಂಡ್ ಬರಣ."

"ಇವನು ಇವತ್ತು ಒಸ್ಲು ದಾಟಲ್ಲ," ಎಂದಳು ಅಜ್ಜಿ. "ನೀನು ಓಗು. ನಿಂಗೆ ಯಾರು ಮುಖ್ಯ ಅಂತ ನೋಡಿದ್ದಾಯ್ತಲ್ಲ."

ಅಷ್ಟರಲ್ಲಿ ಗಾಡಿಯ ಸದ್ದು. ಅಪ್ಪ ಅಷ್ಟು ಬೇಗ ಸಂತೆಯಿಂದ ಬರುವವನೇ ಅಲ್ಲ. ಗಾಡಿಯಲ್ಲಿ ಕಾಯಿಗಳು ಅರ್ಧಕ್ಕರ್ಧ ಹಾಗೇ ಇದ್ದವು. ಅವನು ಬಾಗಿಲಲ್ಲಿ ನಿಂತು ನೋಡಿದ: ಬಟ್ಟೆಯ ಗಂಟು ಹಿಡಿದು ನಿಂತ ಹೆಂಡತಿ, ಮೊಮ್ಮಗನ ಕೈ ಹಿಡಿದು ಕೂತ ತಾಯಿ. ಅಜ್ಜಿ ಎಲ್ಲವನ್ನೂ ಹೇಳಿದಳು, ಅಳುತ್ತಾ ಹೇಳಿದಳು. ತಾನು ಕಡಿದ ಹಳೆಯ ಕಾಯಿಯ ಕಥೆಯನ್ನೂ ಸೇರಿಸಿ ಹೇಳಿದಳು. ಅಪ್ಪ ತಲೆ ಬಗ್ಗಿಸಿಕೊಂಡು ಕೇಳಿದ. ಒಂದು ಸಲ ಬಾಯಿ ತೆರೆದ, ಮತ್ತೆ ಮುಚ್ಚಿದ. ಆಮೇಲೆ ನನ್ನ ಹತ್ತಿರ ಬಂದು ಹಣೆ ಮುಟ್ಟಿ ನೋಡಿ, "ಏನೂ ಆಗಲ್ಲ ಇವನಿಗೆ," ಎಂದ. ಅಜ್ಜಿಗಲ್ಲ, ಯಾರಿಗೂ ಅಲ್ಲ ಎಂಬ ಹಾಗೆ ಹೇಳಿದ. ಎತ್ತು ಬಿಚ್ಚಲಿಲ್ಲ. ಅಮ್ಮನ ಕಡೆ ತಿರುಗಿ, "ಹತ್ತು," ಎಂದ.

ಅಮ್ಮ ನನ್ನ ಕಡೆ ನೋಡಿದಳು. ಅಜ್ಜಿಯ ಕೈಯೊಳಗಿದ್ದ ನನ್ನ ಮಣಿಕಟ್ಟನ್ನು ನೋಡಿದಳು. ಹೊಸ್ತಿಲು ದಾಟಿ ಗಾಡಿ ಹತ್ತಿದಳು.

ಸಂಜೆ ನಾನು ಹಸಿವು ಎಂದು ಅತ್ತೆ. ಅಜ್ಜಿ ಗಂಜಿ ತಂದಳು, ಬೇಡವೆಂದೆ. ನೆಲುವಿನ ಕಡೆ ಕೈ ತೋರಿಸಿದೆ. ಅವಳು ತುಂಬಾ ಹೊತ್ತು ಆಕಡೆ ನೋಡಿ, ಎದ್ದು ಎಲೆಯ ಪೊಟ್ಟಣ ಇಳಿಸಿ, ಮೂಸಿ, ಒಂದು ಚೂರು ಮುರಿದು ತನ್ನ ಬಾಯಿಗೆ ಹಾಕಿಕೊಂಡಳು. "ಬರೋದಿದ್ರೆ ಮೊದ್ಲು ನಂಗೆ ಬರ್ಲಿ," ಎಂದು ಕಳಸದ ಕಡೆ ನೋಡಿ ಹೇಳಿದಳು. ನುಂಗಿದಳು. ಕಾದಳು. ನಾನೂ ಕಾದೆ. ಏನೂ ಆಗಲಿಲ್ಲ. "ಥೂ, ಬೆಲ್ಲ ಸುರ್ದವಳೆ," ಎಂದು ಉಳಿದದ್ದನ್ನು ನನ್ನ ಬಾಯಿಗಿಟ್ಟಳು. ಜಯ ಹೇಳುವ ಪ್ರಕಾರ ಅಜ್ಜಿ ಆ ತುಂಡು ಮುಟ್ಟಲೇ ಇಲ್ಲ. ತಾನು ಏಣಿಯ ಮೇಲೆ ನಿಂತು ಕದ್ದು ತಿಂದೆ ಎನ್ನುತ್ತಾಳೆ. ಏಣಿ ಎತ್ತಲು ನಿನ್ನಿಂದಾಗುತ್ತಿತ್ತೇನೇ ಎಂದರೆ ಫೋನು ಇಡುತ್ತಾಳೆ.

ಅಪ್ಪ ಮರುದಿನ ಒಬ್ಬನೇ ಬಂದ. ಅಜ್ಜಿ ನನ್ನ ಪಕ್ಕದಲ್ಲೇ ಇದ್ದಳು. "ತಿಂದ್ರಾ?" ಎಂದು ಕೇಳಿದವಳು ಅವಳೇ.

"ತಿಂದ್ರು. ಹಾಲಲ್ಲಿ ಅದ್ದಿ ಅದ್ದಿ ಕೊಟ್ಲು. ಕಣ್ಮುಚ್ಕೊಂಡು ಚೀಪಿದ್ರು. ಆಮೇಲೆ ಮೆಣಸು ಕಮ್ಮಿ ಆಯ್ತು ಅಂದ್ರು."

"ಕೊಬ್ಬು," ಎಂದಳು ಅಜ್ಜಿ. ಸ್ವಲ್ಪ ಹೊತ್ತಾದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ತಾತ ಅದೇ ವಾರ ಹೋದರು. ಅಮ್ಮ ಕರ್ಮವೆಲ್ಲ ಮುಗಿಸಿಕೊಂಡು ಬಂದಾಗ ನಾನು ಓಣಿಯಲ್ಲಿ ಗೋಲಿ ಆಡುತ್ತಿದ್ದೆ. ಅವಳು ಬಾಚಿ ಎತ್ತಿಕೊಳ್ಳಲು ಬಂದಳು, ನಾನು ಆಟ ಬಿಟ್ಟು ಏಳಲಿಲ್ಲ. ಡಬರಿಗೆ ಮತ್ತೆ ರಾಗಿ ತುಂಬಿತು. ಕುಂಬಳಕಾಯಿಯ ಮಾತು ಮನೆಯಲ್ಲಿ ಮುಗಿಯಿತು, ನನ್ನೊಳಗೆ ಮುಗಿಯಲಿಲ್ಲ. ಕಾಯಿ ಎಂದರೆ ಹಿರಿಮಗ ಎಂಬ ಆ ಕಟ್ಟಳೆಯ ಉಳಿದರ್ಧ ಅಮ್ಮನಿಗೆ ಗೊತ್ತಿತ್ತೇ? ಗೊತ್ತಿದ್ದೂ ಮಚ್ಚು ಕೊಟ್ಟಳೇ? ದೇವರು, ದೃಷ್ಟಿ, ಜಾತಕ ಎಲ್ಲವನ್ನೂ ಕಾಲೇಜಿನ ದಿನಗಳಲ್ಲಿ ಒಂದೊಂದಾಗಿ ಕಳಚಿಹಾಕಿದೆ. ಅಜ್ಜಿಯ ಮಗ ಸತ್ತದ್ದು ಜ್ವರದಿಂದ, ಕಾಯಿಯಿಂದಲ್ಲ ಎಂದು ಅವಳ ಎದುರೇ ವಾದಿಸಿದೆ. "ಓದ್ದೋನು ನೀನು," ಎಂದಳು ಅವಳು. ಈ ಪ್ರಶ್ನೆ ಮಾತ್ರ ವಾದಕ್ಕೆ ಸಿಗಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಒಂದು ದಿನ ಏಣಿಯ ನೆನಪಾಯಿತು. ಅಟ್ಟದ ಕಾಯಿ ತಾನಾಗಿ ಕೆಳಗಿಳಿಯುವುದಿಲ್ಲ. ಸಂತೆಗೆ ಎಲ್ಲವನ್ನೂ ಒಯ್ದವನು ಒಂದನ್ನು ಅಡುಗೆಮನೆಯ ಬಾಗಿಲಲ್ಲಿ ಯಾಕೆ ಇಟ್ಟುಹೋದ? ಅಮ್ಮನಿಗಾಗಿಯೇ ಇಟ್ಟ. ಇಷ್ಟು ಖಚಿತ. ಇಟ್ಟವನು ಬರೀ ಕಾಯಿ ಇಟ್ಟುಹೋಗುತ್ತಾನೆಯೇ? ಹೋಗುವ ಮುಂಚೆ ತೊಟ್ಟಿನ ಬುಡದಲ್ಲಿ, ಅಜ್ಜಿಯ ಕಣ್ಣಿಗೆ ಬೀಳದ ಕಡೆ, ಚಾಕುವಿನಿಂದ ಒಂದು ಗೀರು ಎಳೆದಿರಬೇಕು. ಅದಕ್ಕೇ ಅಮ್ಮ ಕಾಯಿಯನ್ನು ಅಷ್ಟು ತಿರುಗಿಸಿ ನೋಡಿದ್ದು. ಅದಕ್ಕೇ ಇಲ್ಲೇ ಹಾಕು, ಬೇರೆ ಕಡೆ ಬೇಡ ಎಂದದ್ದು. ನನ್ನ ಬೆರಳಿಗೆ ಅಂಟಿದ್ದು ಗೀರಿನಿಂದ ಒಸರಿ ಗಟ್ಟಿಯಾದ ಕಾಯಿಯ ಅಂಟು. ಗಂಡನನ್ನು ಅವನ ತಾಯಿಯ ಮುಂದೆ ಸಿಕ್ಕಿಸಬಾರದೆಂದು ಕಡಿದವನು ನಾನೆಂದು ತೋರಿಸಿಕೊಂಡಳು, ಬೈಗುಳ ತಾನು ತಿಂದಳು. ಅಜ್ಜಿಯ ಕಾನೂನಿನ ಪ್ರಕಾರವೂ ನನ್ನದು ಎರಡನೆಯ ಗಾಯ. ಅದಕ್ಕೇ ಅಪ್ಪ ಹಣೆ ಮುಟ್ಟಿ, ಏನೂ ಆಗಲ್ಲ ಎಂದ.

ಅಮ್ಮನಿಗೆ ಮರೆವು ಹೆಚ್ಚಾಗುವ ಮೊದಲು ಒಮ್ಮೆ ಕೇಳಿದೆ. "ಆವತ್ತು ಆ ಕಾಯಿಗೆ ಮೊದಲೇ ಗೀರು ಬಿದ್ದಿತ್ತೇನಮ್ಮಾ?" ಅವಳು ನನ್ನ ಮುಖವನ್ನೇ ನೋಡಿದಳು. "ಇಷ್ಟ್ ವರ್ಷ ಇದನ್ನ ಇಟ್ಕೊಂಡಿದ್ಯೇನೋ ಮನಸ್ಸಲ್ಲಿ?" ಎಂದಳು. ಅದು ಉತ್ತರವಲ್ಲ. ನಾನು ಮತ್ತೆ ಕೇಳಲಿಲ್ಲ.

ಬೆರಳಿಗೆ ಏನೋ ಅಂಟಿದ್ದು ನಿಜವೋ, ಏಣಿಯ ತರ್ಕ ಹೊಳೆದ ಮೇಲೆ ನಾನು ಸೇರಿಸಿಕೊಂಡದ್ದೋ, ಗೊತ್ತಿಲ್ಲ. ಅಷ್ಟು ಹೊತ್ತಿಗೆ ಬೆಲ್ಲ ಮುಟ್ಟಿದ್ದೆನೇನೋ. ಪರೀಕ್ಷೆ ಏನೂ ಕಷ್ಟವಲ್ಲ. ಒಂದು ಇಡೀ ಕಾಯಿ ತಂದು, ನಸುಕಿನಲ್ಲಿ ತೊಟ್ಟಿನ ಬುಡಕ್ಕೆ ಗೀರಿಟ್ಟು, ಬಿಸಿಲೇರಿದ ಮೇಲೆ ಬೆರಳಿಟ್ಟು ನೋಡಿದರೆ ಆಯಿತು. ಹುಡುಗರಿಗೆ ಇಂಥದ್ದನ್ನು ಮನೆಗೆಲಸವಾಗಿ ಕೊಡುತ್ತಿದ್ದೆ. ನ್ಯಾಯವಾಗಿ ನೋಡಿದರೆ ಅದರ ಅಗತ್ಯವೂ ಇಲ್ಲ. ಕಟ್ಟಳೆಯನ್ನೇ ನಂಬದವನಿಗೆ ಗಾಯ ಮೊದಲನೆಯದಾದರೇನು, ಎರಡನೆಯದಾದರೇನು?

ಈಗ ನಾವಿರುವುದು ಆರ್.ಟಿ. ನಗರದಲ್ಲಿ. ತರಕಾರಿ ತರುವುದು ನನ್ನ ಕೆಲಸ. ಮೂಲೆಯ ಅಂಗಡಿಯವನು ನನ್ನನ್ನು ಚೆನ್ನಾಗಿ ಬಲ್ಲ. ಮೊನ್ನೆಯೂ ಒಂದು ಒಳ್ಳೆಯ ಕಾಯಿ ಎತ್ತಿ, ಬೆರಳಲ್ಲಿ ತಟ್ಟಿ ಸದ್ದು ಕೇಳಿಸಿದ.

"ಇಡೀ ತಗೊಂಡೋಗಿ ಸಾರ್, ಸಸ್ತಾ ಬೀಳತ್ತೆ. ಬೇಕಾದ್ರೆ ನೀವೇ ಇಲ್ಲಿ ಒಂದೇಟು ಹಾಕಿ, ಚಾಕು ಕೊಡ್ತೀನಿ."

"ಬೇಡಪ್ಪಾ," ಎಂದೆ. "ಆಗ್ಲೇ ಕಡ್ದಿರೋದ್ರಲ್ಲೇ ಒಂದು ಹೋಳು ಕೊಡು."